ಮೂತಿ ಬಾಲ ದಾಟುವ ತನಕ

ಫೆಬ್ರುವರಿ 9, ಭಾನುವಾರ

ಹೊರಗೆ ಬೈದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಬೈದರೆ ಅತ್ತಿಗೆಗೆ ತಲೆನೋವು ಬರುತ್ತದೆ. ಆದ್ದರಿಂದ ಇಲ್ಲಿ ಬೈಯುತ್ತೇನೆ.

ಇವತ್ತು ಕ್ಯಾಂಟೀನಿನ ಟೀವಿಯಲ್ಲಿ ಕೋಟು ಹಾಕಿಕೊಂಡ ಮೂವರು ಕೂತು ನನ್ನ ಅಣ್ಣನನ್ನು ತೂಗಿದರು. ದಲ್ಲಾಳಿಗಳು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವ ಹಾಗೆ. "ನಲವತ್ತಾರರ ಈ ರೇಸ್ ಚಾಲಕ ಇಂದಿಗೂ ಅಗ್ರ ಹತ್ತರಲ್ಲಿ ಒಬ್ಬನೇ?" ಎಂದು ಪರದೆಯ ಕೆಳಗೆ ಅಕ್ಷರ ಓಡುತ್ತಿತ್ತು. ಹೌದು ಅನ್ನುವವರು ಒಂದು ಒತ್ತಬೇಕಂತೆ, ಇಲ್ಲ ಅನ್ನುವವರು ಎರಡು. ನರೆಗೂದಲಿನ ತಜ್ಞ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ, "ಅನುಭವ ಇದೆ, ಒಪ್ಪೋಣ. ಆದರೆ ಅನುಭವ ಸ್ಟೀರಿಂಗ್ ತಿರುಗಿಸೋದಿಲ್ಲ." ಅವನು ಜೀವಮಾನದಲ್ಲಿ ತಿರುಗಿಸಿರುವುದು ತನ್ನ ಕುರ್ಚಿಯನ್ನು ಮಾತ್ರ.

ಟೀವಿ ಹೊತ್ತಿಸಿದ ಬೆಂಕಿ ನಮ್ಮ ಮೇಜಿಗೂ ಬಂತು.

"ಏನ್ರೋ, ದೊಡ್ಡಣ್ಣ ಹತ್ತರ ಒಳಗೋ ಹೊರಗೋ?" ಎಂದ ಟೈರಿನವನು. ನಮ್ಮ ತಂಡದಲ್ಲಿ ಎಲ್ಲರಿಗೂ ಅಣ್ಣ ದೊಡ್ಡಣ್ಣನೇ.

"ಹತ್ತಲ್ಲ, ಐದರೊಳಗೆ," ಎಂದ ವೆಲ್ಡರ್.

"ಹೋದ ವರ್ಷ ಗೋಡೆಗೆ ಮುತ್ತು ಕೊಟ್ಟು ಬಂದ್ಮೇಲೂ ಐದಾ? ಹನ್ನೆರಡು ಅಂತ ಇಟ್ಕೋ."

"ನಿಮ್ಮಪ್ಪ ಹನ್ನೆರಡು."

ನಾನು ಎದ್ದು ಟೀವಿಯ ತಂತಿಯನ್ನೇ ಕಿತ್ತೆ. "ಬೇವಾರ್ಸಿಗಳಾ, ಯಾರ ದೆಸೆಯಿಂದ ಇಲ್ಲಿ ಕೂತು ಟೀ ಕುಡೀತಿದೀರಿ ಗೊತ್ತಿದೆಯಾ?"

ಗೊತ್ತಿದೆ. ಗೊತ್ತಿರುವುದಕ್ಕೇ ತಲೆ ತಗ್ಗಿಸಿ ಲೋಟಕ್ಕೆ ಬಾಯಿ ಹಚ್ಚಿದರು. ಪೆಟ್ರೋಲ್ ತುಂಬುವವನ ಎರಡೂ ಕೈ ಸುಟ್ಟು ಹೋದಾಗ ತಂಡ ನಡೆಸುವ ಕಂಪನಿ ಒಂದು ಹೂಗುಚ್ಛ ಕಳಿಸಿ ಕೈತೊಳೆದುಕೊಂಡಿತ್ತು. ಮುಂದಿನ ರೇಸಿನ ದಿನ ಕಾರುಗಳೆಲ್ಲ ಸಾಲಿನಲ್ಲಿ ನಿಂತು ಗುರುಗುಡುತ್ತಿದ್ದಾಗ ಅಣ್ಣ ಕೆಳಗಿಳಿದ, ಹೆಲ್ಮೆಟ್ ತೆಗೆದ, ಬಾನೆಟ್ಟಿನ ಮೇಲೆ ಕೂತ. "ಸುಟ್ಟ ಕೈಗೆ ಪೂರ್ತಿ ಸಂಬಳ ಅಂತ ಬರೆದುಕೊಡಿ. ಆಮೇಲೆ ಹತ್ತುತೀನಿ." ಇಡೀ ಮೈದಾನ ನೋಡುತ್ತಿತ್ತು. ಬರೆದುಕೊಟ್ಟರು. ನಮ್ಮ ಸಂಘ ಹುಟ್ಟಿದ್ದು ಆ ಬಾನೆಟ್ಟಿನ ಮೇಲೆ. ಅಣ್ಣ ಮೇಲಿನ ಸಾಲಿನಲ್ಲಿ ಇರುವ ತನಕ ಸಂಘಕ್ಕೆ ಬಾಯಿ ಇದೆ. ಅವನು ಇಳಿದ ದಿನ ಕಂಪನಿ ನಮ್ಮನ್ನು ಎಣ್ಣೆ ಬಟ್ಟೆಯ ಹಾಗೆ ಎಸೆಯುತ್ತದೆ. ಮೇ ತಿಂಗಳಿಗೆ ಅವನ ಒಪ್ಪಂದ ಮುಗಿಯುತ್ತದೆ. ಟೀವಿಯಲ್ಲಿ ತಕ್ಕಡಿ ಎದ್ದಿರುವುದು ಅದಕ್ಕೇ. ಇದು ಆಟದ ಚರ್ಚೆಯಲ್ಲ, ಸುಪಾರಿ.

ಫೆಬ್ರುವರಿ 23, ಭಾನುವಾರ

ರೇಸ್. ಏಳನೆಯ ಸ್ಥಾನ. ಹತ್ತರೊಳಗೆ ಬಂತಲ್ಲ, ಈಗ ಒತ್ತಿಕೊಳ್ಳಲಿ ಎರಡನ್ನು!

ಬಿಸಿಲಿಗೆ ಗ್ಯಾಲರಿಯ ತಗಡು ಕಾದು ಚಪ್ಪಲಿ ಅಂಟುತ್ತಿತ್ತು. ಎಲ್ಲ ತಂಡಗಳ ಕೂಗುವವರೂ ಆ ತಗಡಿನ ಮೇಲೇ ನಿಲ್ಲುವುದು. ಕಣ್ಣಿಗೆ ದುರ್ಬೀನು, ಬಾಯಿಗೆ ಮೈಕು. ಕೆಳಗೆ ಹೆಲ್ಮೆಟ್ಟಿನೊಳಗೆ ಬೆಲ್ಟಿನಲ್ಲಿ ಕಟ್ಟಿಸಿಕೊಂಡು ಕೂತವನಿಗೆ ಎದುರಿಗಿರುವುದು ಬಿಟ್ಟರೆ ಏನೂ ಕಾಣದು. ಪಕ್ಕದಲ್ಲಿ ಯಾರಿದ್ದಾರೆ, ಎಷ್ಟು ಹತ್ತಿರ ಇದ್ದಾರೆ, ನಾವೇ ಹೇಳಬೇಕು. "ಬಲಕ್ಕೆ ಒಬ್ಬ... ಒಬ್ಬ... ಇನ್ನೂ ಇದಾನೆ... ಖಾಲಿ!" ಖಾಲಿ ಎಂಬ ಮಾತು ಕಿವಿಗೆ ಬಿದ್ದಮೇಲೆಯೇ ಅವನು ಆ ಕಡೆ ತಿರುಗಿಸುವುದು. ಹತ್ತೊಂಬತ್ತು ವರ್ಷದಿಂದ ಅಣ್ಣನ ಕಿವಿಯಲ್ಲಿ ಇರುವುದು ನನ್ನ ಬಾಯಿ. ಗ್ಯಾರೇಜಿನಲ್ಲಿ ನನ್ನ ಹೆಸರೇ ಮೈಕಕ್ಕ.

ಕೆಲಸ ಕಲಿಸಿದ ಮುದುಕ ಒಂದೇ ಪಾಠ ಹೇಳಿದ್ದ: ಪಕ್ಕದ ಕಾರಿನ ಮೂತಿ ನಮ್ಮ ಕಾರಿನ ಬಾಲ ದಾಟಿ ಹಿಂದೆ ಬಿದ್ದಮೇಲೆ ಮಾತ್ರ ಖಾಲಿ ಅನ್ನು. ಇವತ್ತು ಮೂತಿ ಬಾಲಕ್ಕೆ ಬಂದ ಕೂಡಲೇ ಅಂದೆ. ಅಣ್ಣ ಬೆಣ್ಣೆಯೊಳಗೆ ಚಾಕು ಇಳಿದ ಹಾಗೆ ಒಳಗೆ ಬಂದ. ದಾಟುವ ತನಕ ಕಾಯುವುದು ಹೊಸಬರ ಕೆಲಸ. ನಮ್ಮಿಬ್ಬರಿಗೆ ಅಷ್ಟೆಲ್ಲ ಬೇಡ.

ಇಳಿದಾಗ ಗ್ಯಾರೇಜಿನ ಮೇಸ್ತ್ರಿ ಕಾರಿನ ಬಲಗಡೆ ಸವರಿ ನೋಡುತ್ತಿದ್ದರು. ಸಂಘದ ಕಾರ್ಯದರ್ಶಿಯೂ ಅವರೇ, ಮಾತು ಕಡಿಮೆ. "ಗೀರೇ ಇಲ್ಲ," ಎಂದರು.

"ಯಾಕೆ ಇರಬೇಕು?"

"ಇರಬೇಕು ಅಂದ್ನಾ? ಇಲ್ಲ ಅಂದೆ."

ಅವರಿಗೂ ಟೀವಿ ಜ್ವರ ತಗುಲಿದಂತಿದೆ.

ಮಾರ್ಚ್ 9, ಭಾನುವಾರ

ರೇಸ್ ಇಲ್ಲ. ಮನೆಯಲ್ಲೇ.

ಕೆಳಗೆ ಅಣ್ಣ ಅತ್ತಿಗೆ, ಮೇಲೆ ನನ್ನ ಕೋಣೆ. ನಡುವಿನ ಮೆಟ್ಟಿಲಿಗೆ ಕಿಟಕಿ ಇಲ್ಲ, ಹಗಲಲ್ಲೂ ಕತ್ತಲೆ. ಮಧ್ಯಾಹ್ನ ಅಣ್ಣ ಮೇಲೆ ಬರುತ್ತಿದ್ದ. ಅತ್ತಿಗೆ ಅಡುಗೆಮನೆಯಿಂದ ತಿರುಗಿಯೂ ನೋಡದೆ "ಮೆಟ್ಟಿಲು" ಎಂದಳು. ನಾನೂ ಮೇಲಿನಿಂದ "ಲೋಟ ಇದೆ, ಎಡಕ್ಕೆ" ಎಂದೆ. ಈ ಮನೆಯಲ್ಲಿ ಎಲ್ಲರೂ ಕೂಗುವವರೇ ಎಂದು ಅಣ್ಣ ನಕ್ಕ.

ಅತ್ತಿಗೆ ರೇಸ್ ನೋಡುವುದಿಲ್ಲ. ರೇಸಿನ ಹೊತ್ತಿಗೆ ಮನೆಯ ಬಟ್ಟೆಯನ್ನೆಲ್ಲ ಒಗೆಯುತ್ತಾಳೆ, ಒಗೆದದ್ದನ್ನೂ ಒಗೆಯುತ್ತಾಳೆ.

"ಮೇ ಆದ್ಮೇಲೆ ಸಾಕು ಅನ್ನು ಅವರಿಗೆ. ನೀನಾದ್ರೂ ಹೇಳು," ಎಂದಳು ನನ್ನ ಹತ್ತಿರ, ಮೆಲ್ಲಗೆ.

"ಅತ್ತಿಗೆ, ನೀವೂ ಆ ಕೋಟಿನೋರ ಜೊತೆ ಸೇರ್ಕೊಂಡ್ರಾ?"

"ನಾನು ಯಾರ ಜೊತೆನೂ ಸೇರಿಲ್ಲ. ನಾನು ಅವರ ಜೊತೆ ಮಲಗೋಳು. ನಿದ್ದೆಯಲ್ಲಿ ಬಲಗೈ ನಡುಗುತ್ತೆ."

ಹಿಂಡಿದ ಬಟ್ಟೆಯನ್ನು ಅಷ್ಟು ಜೋರಾಗಿ ಯಾಕೆ ಕೊಡವಿದಳೋ. ಹೆದರಿಕೆಯ ಹೆಂಗಸು. ಡಾಕ್ಟರು ಕಾಗದದ ಮೇಲೆ ಮೊಹರು ಒತ್ತಿ ಕೊಟ್ಟಿದ್ದಾರೆ, ಸಂಪೂರ್ಣ ಸರಿ ಇದ್ದಾನೆ ಅಂತ.

ಮಾರ್ಚ್ 16, ಭಾನುವಾರ

ಮೂರನೆಯ ಸ್ಥಾನ! ಮೂರು! ಕೋಟಿನ ಮಕ್ಕಳಾ, ಎಲ್ಲಿದ್ದೀರಿ?

ಕೊನೆಯ ಸುತ್ತಿನಲ್ಲಿ ನೀಲಿ ಕಾರಿನ ಮೂತಿ ನಮ್ಮ ಹಿಂದಿನ ಚಕ್ರದ ಪಕ್ಕ ಇದ್ದಾಗಲೇ ಖಾಲಿ ಅಂದೆ. ಅಣ್ಣ ಕೂದಲೆಳೆಯಲ್ಲಿ ನುಸುಳಿದ. ಗಂಟಲು ಕಟ್ಟಿದೆ. ಯುವರಾಜನಿಗೆ ಹದಿನಾಲ್ಕನೆಯ ಸ್ಥಾನ. ಯುವರಾಜ ಎಂದರೆ ನಮ್ಮ ಇನ್ನೊಂದು ಕಾರಿನ ಚಾಲಕ, ಇಪ್ಪತ್ತೆರಡರವನು. ಅಪ್ಪನ ಟೈರ್ ಕಾರ್ಖಾನೆಯ ಹೆಸರು ಕಾರಿನ ಮೇಲೆ, ಮಗ ಕಾರಿನ ಒಳಗೆ. ಕಂಪನಿ ಅಣ್ಣನ ಜಾಗಕ್ಕೆ ಬೆಳೆಸುತ್ತಿರುವ ಗೊಬ್ಬರದ ಗಿಡ. ಹದಿನಾಲ್ಕು!

ಮಾರ್ಚ್ 20, ಗುರುವಾರ

ಕಂಪನಿ ಯುವರಾಜನಿಗೆ ಕೂಗುತ್ತಿದ್ದವನನ್ನು ಮನೆಗೆ ಕಳಿಸಿತು. ರೇಸಿನ ದಿನ ಬಾಡಿಗೆಗೆ ಒಬ್ಬನನ್ನು ತರುತ್ತಾರಂತೆ. ಉಳಿದ ದಿನ, ತಾಲೀಮಿನ ದಿನ, ಎರಡು ಕಾರಿಗೂ ನಾನೇ.

"ಒಂದು ಬಾಯಿಗೆ ಎರಡು ಕಾರಾ ಸಾರ್? ನನಗೇನು ಎರಡು ನಾಲಿಗೆ ಇದೆಯಾ?"

ಮ್ಯಾನೇಜರು ನಕ್ಕರು. "ಇದ್ದಿದ್ರೆ ನಮ್ಮ ಗತಿ ಏನಾಗ್ತಿತ್ತು ಮೇಡಂ."

ಸಂಘದಲ್ಲಿ ಎತ್ತಬೇಕು ಎಂದು ಮೇಸ್ತ್ರಿಗೆ ಹೇಳಿದೆ. ಅಣ್ಣನ ಒಪ್ಪಂದದ ಮಾತು ನಡೀತಿದೆ, ಏಪ್ರಿಲ್ ಕಳೆಯಲಿ ಎಂದರು. ಈ ಸಂಘದಲ್ಲಿ ಈಗ ಎಲ್ಲದಕ್ಕೂ ಏಪ್ರಿಲ್ ಕಳೆಯಬೇಕು.

ಏಪ್ರಿಲ್ 5, ಶನಿವಾರ

ಯುವರಾಜನ ಕಾರು ಗೋಡೆಗೆ ಹೋಯಿತು. ಉಸಿರಿದೆ.

ನಾನು ಖಾಲಿ ಅಂದಿದ್ದೆ.

ಏಪ್ರಿಲ್ 6, ಭಾನುವಾರ

ಬರೆದರೆ ತಿಳಿಯಾದೀತು.

ತಾಲೀಮು. ಬೇರೆ ತಂಡಗಳ ಕಾರುಗಳೂ ಇದ್ದವು. ಅಣ್ಣನ ಕಾರಿನ ಎಂಜಿನ್ ಬಿಚ್ಚಿದ್ದರು, ಅದು ಹೊರಗೆ ಬಂದಿರಲಿಲ್ಲ. ನಾನು ಕೂಗುತ್ತಿದ್ದದ್ದು ಒಂದೇ ಕಾರಿಗೆ. ಹಳದಿ ಕಾರು ಬಲಗಡೆ ಇತ್ತು. ನಮ್ಮ ಹುಡುಗ ಅದನ್ನು ಹಿಂದೆ ಹಾಕುತ್ತಿದ್ದ. ಒಬ್ಬ, ಒಬ್ಬ, ಇದಾನೆ, ಖಾಲಿ ಎಂದೆ. ನನ್ನ ಬಾಯಿ ಮುಚ್ಚುವುದರೊಳಗೆ ಅವನು ತಿರುಗಿಸಿಯಾಗಿತ್ತು! ಹಳದಿ ಕಾರಿನ ಮೂತಿ ಅವನ ಹಿಂದಿನ ಚಕ್ರಕ್ಕೆ ತಗುಲಿತು. ಕಾರು ಬುಗುರಿಯಾಯಿತು. ಗೋಡೆ. ತಗಡಿನ ಮೇಲೆ ನಮ್ಮ ಸಾಲಿನ ಕೂಗುವವರೆಲ್ಲ ಮೈಕು ಇಳಿಸಿದರು. ಆಮೇಲೆ ಅವರೆಲ್ಲ ನನ್ನ ಕಡೆ ತಿರುಗಿದರು.

ಬಲಗಾಲು ಎರಡು ಕಡೆ ಮುರಿದಿದೆ.

ಅಷ್ಟು ಅವಸರ ಏನಿತ್ತು ಅವನಿಗೆ? ಅಣ್ಣನಿಗೆ ಹೇಳುವ ಹಾಗೆಯೇ ಹೇಳಿದ್ದು.

ಏಪ್ರಿಲ್ 9, ಬುಧವಾರ

ಮ್ಯಾನೇಜರ್ ಕೋಣೆ. ಎ.ಸಿ.ಯ ಚಳಿ. ಶನಿವಾರದ ಚಿತ್ರಕ್ಕೆ ನನ್ನ ದನಿ ಸೇರಿಸಿ ಹಾಕಿದರು. ಖಾಲಿ ಎಂಬಲ್ಲಿ ನಿಲ್ಲಿಸಿದರು. ಹಳದಿ ಮೂತಿ ಬಾಲದ ಹತ್ತಿರ ಇಲ್ಲ. ಚಕ್ರದ ಹತ್ತಿರವೂ ಇಲ್ಲ, ಬಾಗಿಲ ಹತ್ತಿರ ಇದೆ.

"ನಿಮ್ಮ ದನಿ ತಾನೇ ಮೇಡಂ?"

"ಹೌದು."

"ನಿಮ್ಮಂಥೋರು ಇಂಥ ತಪ್ಪು ಮಾಡೋದಾ ಅಂತ ನಂಗೇ ಆಶ್ಚರ್ಯ ಆಯ್ತು. ಅದಕ್ಕೇ ಹಳೇದನ್ನೂ ತೆಗೆಸಿ ನೋಡಿದೆ." ಮಾರ್ಚ್ ತಿಂಗಳ ರೇಸ್ ಹಾಕಿದರು. ನೀಲಿ ಕಾರು. ಬೇರೆ ಕಾರುಗಳು. ಒಂದಾದ ಮೇಲೊಂದು ನನ್ನ ಖಾಲಿ, ಒಂದಾದ ಮೇಲೊಂದು ನಿಂತ ಚಿತ್ರ. ಕೆಲವು ಕಡೆ ಚಕ್ರ, ಕೆಲವು ಕಡೆ ಬಾಗಿಲು. "ನಿಮ್ಮಣ್ಣ ಎಲ್ಲೂ ಬಡೀಲಿಲ್ಲ ನೋಡಿ. ಯಾಕೆ ಅಂತ ನಂಗೂ ಗೊತ್ತು, ನಿಮಗೂ ಗೊತ್ತು."

"ನಂಗೊತ್ತಿಲ್ಲ ಸಾರ್."

"ಮುಂದಿನ ವಾರ ಗುರುವಾರ ವಿಚಾರಣಾ ಸಮಿತಿ ಇದೆ. ಅಲ್ಲಿ ಇದನ್ನೇ ಹೇಳಿ. ಅಣ್ಣನ ಕೈ ತಡ ಆಗ್ತಿತ್ತು, ಅದಕ್ಕೆ ಮುಂಚೆ ಕೂಗ್ತಿದ್ದೆ, ಅದೇ ರೂಢಿಯಾಯ್ತು ಅಂತ. ನಿಮ್ಮ ಕೆಲಸ ಉಳಿಯುತ್ತೆ, ಹೊಸ ಚಾಲಕನಿಗೂ ನೀವೇ ಕೂಗ್ತೀರಿ. ಹೇಳಲ್ಲ ಅಂದ್ರೆ ಅದು ಬೇಜವಾಬ್ದಾರಿ. ಒಬ್ಬ ಚಾಲಕನ ಕಾಲು ಮುರಿದ ಬೇಜವಾಬ್ದಾರಿ."

ಎಷ್ಟು ಚೆನ್ನಾಗಿ ಹೆಣೆದಿದ್ದಾರೆ ಬಲೆ! ಬಾಯಿ ಬಿಟ್ಟರೆ ಅಣ್ಣ ಹೋಗುತ್ತಾನೆ. ಬಿಡದಿದ್ದರೆ ನಾನು ಹೋಗುತ್ತೇನೆ, ನಾನು ಹೋದರೆ ಅವನ ಕಿವಿ ಹೋಗುತ್ತದೆ.

ಹೊರಗೆ ಮೇಸ್ತ್ರಿ ಕಾಯುತ್ತಿದ್ದರು. ಎಲ್ಲ ಹೇಳಿದೆ. ಬಹಳ ಹೊತ್ತು ಬೆರಳಿನ ಗ್ರೀಸ್ ಒರೆಸಿಕೊಂಡರು.

"ಒಂದು ಬಾಯಿಗೆ ಎರಡು ಕಾರು ಕೊಟ್ಟೋರು ಯಾರು ಮೈಕಕ್ಕ? ಕಂಪನಿ ತಾನೇ? ಹಾಗಾದ್ರೆ ಕಾಲು ಮುರಿದೋರು ಯಾರು?"

ಆ ಮಾತಿಗೆ ನನ್ನ ಮೈಗೆ ಬಿಸಿ ಬಂತು. ಮನೆಗೆ ಬಂದವಳೇ ಕರಪತ್ರ ಬರೆದೆ. ಒಂದು ಬಾಯಿ, ಎರಡು ಕಾರು, ಒಂದು ಮುರಿದ ಕಾಲು: ಲಾಭಕೋರ ಕಂಪನಿಯೇ ಉತ್ತರ ಕೊಡು! ಇಂಥ ಸಾಲು ಬರೆದು ಎಷ್ಟು ದಿನವಾಗಿತ್ತು. ಒಂದೊಂದು ಅಕ್ಷರವೂ ನಿಜ. ಒಂದು ಬಾಯಿ ಹೌದು. ಎರಡು ಕಾರು ಹೌದು. ಶನಿವಾರ ಒಂದೇ ಕಾರು ಹೊರಗಿತ್ತು ಎಂಬುದನ್ನು ಯಾರು ಕೇಳುತ್ತಾರೆ?

ಏಪ್ರಿಲ್ 11, ಶುಕ್ರವಾರ

ಕರಪತ್ರ ಅಚ್ಚಿಗೆ ಹೋಗುವ ಮೊದಲು ಆಸ್ಪತ್ರೆಗೆ ಹೋಗಿ ಬಂದರೆ ಒಳ್ಳೆಯದು ಎಂದರು ಮೇಸ್ತ್ರಿ. ಗಾಯಾಳುವನ್ನು ಸಂಘ ನೋಡಲಿಲ್ಲ ಎಂಬ ಮಾತು ಬರಬಾರದು. ಹೋದೆ.

ಒಂಟಿ ಕೋಣೆ. ಕಾಲನ್ನು ತೂಗುಹಾಕಿದ್ದಾರೆ. ತಾಯಿ ಕಿಟಕಿಯ ಹತ್ತಿರ ಕೂತು ಕಿತ್ತಳೆ ಸುಲಿಯುತ್ತಿದ್ದರು, ತಿನ್ನುವವರಿಲ್ಲದಿದ್ದರೂ ಸುಲಿದು ತಟ್ಟೆಯಲ್ಲಿ ಪೇರಿಸುತ್ತಿದ್ದರು. ಗದರುತ್ತಾರೆ ಎಂದುಕೊಂಡಿದ್ದೆ. ಕುರ್ಚಿ ಎಳೆದು ಕೊಟ್ಟರು.

ಹುಡುಗ ಕೇಳಿದ, "ಮೇಡಂ, ನಾನು ಬೇಗ ತಿರುಗಿಸಿಬಿಟ್ಟೆನಾ?"

ನಾನು ತೂಗುಹಾಕಿದ ಆ ಕಾಲನ್ನು ನೋಡಿದೆ.

"ಅಪ್ಪ ಬೈತಾ ಇದಾರೆ. ನಿಂಗೆ ಎಲ್ಲದಕ್ಕೂ ಅವಸರ, ಅದಕ್ಕೇ ಹೀಗಾಯ್ತು ಅಂತ. ನಂಗೆ ನೆನಪಿರೋದು ಇಷ್ಟೇ, ನೀವು ಖಾಲಿ ಅಂದ್ರಿ, ನಾನು ತಿರುಗಿಸಿದೆ. ನೋಡಬೇಕು ಅಂತನೂ ಅನಿಸಲಿಲ್ಲ. ದೊಡ್ಡಣ್ಣನಿಗೆ ಕೂಗೋ ಬಾಯಿ ನಂಗೂ ಕೂಗ್ತಿದೆ ಅಂತ ಖುಷಿಯಾಗಿತ್ತು." ಮತ್ತೆ ಅದನ್ನೇ ಕೇಳಿದ, "ಅವಸರ ಆಯ್ತಾ?"

"ಇಲ್ಲ," ಎಂದೆ.

"ಸ್ವಲ್ಪ ಅಪ್ಪನಿಗೆ ಹೇಳ್ತೀರಾ?"

ತಾಯಿ ತಟ್ಟೆ ಮುಂದೆ ಮಾಡಿದರು. ಒಂದು ತೊಳೆ ತೆಗೆದುಕೊಂಡೆ. ಬಸ್ಸಿನಲ್ಲಿ ಕೂತಾಗಲೂ ಅದು ಕೈಯಲ್ಲೇ ಇತ್ತು.

ಏಪ್ರಿಲ್ 12, ಶನಿವಾರ

ಅಣ್ಣ ಮೇಲೆ ಬಂದ. ಕೈಯಲ್ಲಿ ಕರಪತ್ರದ ಕರಡು, ಮೇಸ್ತ್ರಿ ತೋರಿಸಿದ್ದಾರೆ. ನಿನ್ನೆ ಮ್ಯಾನೇಜರು ಅವನನ್ನೂ ಕರೆಸಿ ಆ ಚಿತ್ರಗಳನ್ನೆಲ್ಲ ತೋರಿಸಿದ್ದಾರೆ. ಹಾಸಿಗೆಯ ಅಂಚಿನಲ್ಲಿ ಕೂತ. ಅವನಿಗೆ ಇಷ್ಟು ದೊಡ್ಡ ಕೈಗಳಿವೆ ಎಂದು ಮರೆತಿದ್ದೆ.

"ಎಷ್ಟು ದಿನದಿಂದ?"

"ಏನು ಎಷ್ಟು ದಿನ?"

"ನಾಟಕ ಬೇಡ ಪುಟ್ಟಿ."

"ನಂಗೆ ನಿಜವಾಗ್ಲೂ ಗೊತ್ತಿಲ್ಲ ಅಣ್ಣ. ನಾನು ಬೇಕಂತ ಮಾಡಿದ್ದಲ್ಲ. ಅದು... ನೀನು ಒಳಗೆ ಬರೋ ಹೊತ್ತು ನನ್ನ ಬಾಯಿಗೆ ಗೊತ್ತು. ಬಾಯೇ ಹೇಳುತ್ತೆ."

"ಗೋಡೆಗೆ ಬಡಿದು ಬಂದಮೇಲಿಂದ."

"ಇರಬಹುದು."

"ನಾನು ಮಂಗನ ಹಾಗೆ ಕಪ್ ಎತ್ತಿ ತೋರಿಸಿದ್ನಲ್ಲೇ."

"ಕಾರು ಓಡಿಸಿದ್ದು ನೀನೇ. ಟೀವಿಯೋರು ಹೇಳ್ತಾರೆ ಅಂತ..."

"ಟೀವಿ ಸಾಯಲಿ." ಕರಡನ್ನು ಹಾಸಿಗೆಯ ಮೇಲೆ ಎಸೆದ. "ಇದೇನಿದು? ಶನಿವಾರ ನನ್ನ ಕಾರು ಎಂಜಿನ್ ಬಿಚ್ಚಿಕೊಂಡು ಗ್ಯಾರೇಜಲ್ಲಿತ್ತು. ಎರಡನೇ ಕಾರು ಎಲ್ಲಿಂದ ಬಂತು?"

"ಕಂಪನಿ ಎರಡು ಕಾರು ಕೊಟ್ಟಿರೋದು ಸುಳ್ಳಾ?"

"ಅದು ನಿಜ. ಆ ಕಾಲು ಅದರಿಂದ ಮುರಿದಿದ್ದು ಸುಳ್ಳು. ಸುಳ್ಳಿನ ಮೇಲೆ ಮುಷ್ಕರ ಮಾಡಿ ಗೇಟು ಮುಚ್ಚಿಸಿದ್ರೆ ನಾಳೆ ನಿಜಕ್ಕೆ ಯಾರು ಬರ್ತಾರೆ? ಸುಟ್ಟ ಕೈ ಸುಳ್ಳಾಗಿದ್ರೆ ಅವತ್ತು ನಾನು ಬಾನೆಟ್ ಮೇಲೆ ಕೂರ್ತಿದ್ನಾ?"

"ಹಾಗಾದ್ರೆ ಸಂಘ ಸಾಯಲಿ ಅಂತೀಯಾ? ನಿನ್ನನ್ನ ಇಳಿಸಿ ಆ ಯುವ... ಆ ಹುಡುಗನ್ನ ಕೂರಿಸಲಿ ಅಂತೀಯಾ?"

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಆ ಕಾಲು ನನ್ನ ಲೆಕ್ಕದ್ದು ಕಣೇ. ನಂಗೆ ಆಗಬೇಕಾದ್ದು ಅವನಿಗಾಯ್ತು," ಎಂದ. ಬಾಗಿಲಲ್ಲಿ ನಿಂತು, "ಸೋಮವಾರ ಬೆಳಗ್ಗೆ ಟ್ರ್ಯಾಕ್ ಮೇಲೆ ಯಾರೂ ಇರಲ್ಲ. ಮೇಸ್ತ್ರಿಗೆ ಹೇಳಿದೀನಿ. ಮೈಕ್ ತಗೊಂಡು ಬಾ."

ಅವನು ಇಳಿಯುವಾಗ ಕೆಳಗಿನಿಂದ ಅತ್ತಿಗೆ "ಮೆಟ್ಟಿಲು" ಎಂದಳು. ಅವಳೂ ಎಷ್ಟು ದಿನದಿಂದ?

ಏಪ್ರಿಲ್ 14, ಸೋಮವಾರ

ತಗಡು ಇನ್ನೂ ತಣ್ಣಗಿತ್ತು. ಇಡೀ ಗ್ಯಾಲರಿಯ ಮೇಲೆ ನಾನೊಬ್ಬಳೇ. ಕೆಳಗೆ ಅಣ್ಣ ತನ್ನ ಕಾರಿನಲ್ಲಿ, ಬಲಗಡೆಗೆ ಮೇಸ್ತ್ರಿ ತಾಲೀಮಿನ ಹಳೆಯ ಕಾರಿನಲ್ಲಿ.

"ಮುದುಕ ಕಲಿಸಿದ ಹಾಗೆ ಕೂಗು," ಎಂದ ಅಣ್ಣ ರೇಡಿಯೊದಲ್ಲಿ. "ಮೂತಿ ಬಾಲ ದಾಟಿದ್ಮೇಲೆ. ಅಷ್ಟು ತನಕ ಬಾಯಿ ಬಿಡಬೇಡ. ಮೇಸ್ತ್ರಿ, ನೀವು ಒಂದೇ ಒಂದು ಗಳಿಗೆ ಹಿಂದೆ ಬೀಳಿ, ಮತ್ತೆ ನುಗ್ಗಿ. ರೇಸಲ್ಲಿ ಯಾರೂ ನಂಗೋಸ್ಕರ ಕಾಯಲ್ಲ."

ಎರಡೂ ಕಾರು ಜೊತೆಯಾಗಿ ತಿರುವು ಬಿಟ್ಟು ಬಂದವು. ಒಬ್ಬ, ಒಬ್ಬ, ಇದಾನೆ. ಖಾಲಿ ಎನ್ನಲು ನನ್ನ ನಾಲಿಗೆ ಹಲ್ಲಿನ ಹಿಂದೆ ಬಂದು ಒದ್ದಾಡಿತು. ತುಟಿ ಕಚ್ಚಿ ಹಿಡಿದೆ. ಬಾಗಿಲು ದಾಟಿತು, ಚಕ್ರ ದಾಟಿತು, ಬಾಲ ದಾಟಿತು. ಖಾಲಿ!

ಅಣ್ಣನ ಕಾರು ನೇರವಾಗಿಯೇ ಹೋಗುತ್ತಿತ್ತು. ಹೋಗುತ್ತಲೇ ಇತ್ತು. ಆಮೇಲೆ ತಿರುಗಿತು. ಅಷ್ಟರಲ್ಲಿ ಮೇಸ್ತ್ರಿಯ ಮೂತಿ ಮತ್ತೆ ಅವನ ಬಾಗಿಲಿಗೆ ಬಂದಿತ್ತು. ಮೇಸ್ತ್ರಿಯೇ ಬ್ರೇಕ್ ತುಳಿದು ತಪ್ಪಿಸಿಕೊಂಡರು.

"ಈಗ ತಾನೇ ಅಂದಿದ್ದಾ?" ಎಂದ ಅಣ್ಣ.

"ಇಲ್ಲ ಅಣ್ಣ. ಆಗಲೇ ಅಂದೆ."

"ನಾನು ಕೂಡಲೇ ತಿರುಗಿಸಿದೆನಲ್ಲ?"

ನಾನು ದುರ್ಬೀನಿನ ಗಾಜು ಒರೆಸಿಕೊಂಡೆ.

"ಇನ್ನೊಂದು ಸಲ."

ಇನ್ನೊಂದು ಸಲ ಹಾಗೆಯೇ ಆಯಿತು. ಮತ್ತೊಂದು ಸಲವೂ. ರೇಡಿಯೊದಲ್ಲಿ ಅವನ ಉಸಿರು ಕೇಳುತ್ತಿತ್ತು.

"ಪುಟ್ಟಿ, ಈಗ ಮೊದಲಿನ ಹಾಗೆ ಹೇಳು. ನಿನ್ನ ಬಾಯಿ ಹೇಳೋ ಹಾಗೆ."

ಮೇಸ್ತ್ರಿಯ ಮೂತಿ ಬಾಗಿಲಿಗೆ ಬಂದಾಗ ಖಾಲಿ ಎಂದೆ. ಅಣ್ಣ ಒಳಗೆ ಬಂದ. ಎಷ್ಟು ಚೆಂದ ಬಂದ! ನೂಲು ಹಿಡಿದು ಎಳೆದ ಹಾಗೆ, ಮೇಸ್ತ್ರಿಯ ಮುಂದೆ ಒಂದು ಅಂಗೈ ಜಾಗ ಬಿಟ್ಟು, ಗಾಳಿಗೂ ಗೊತ್ತಾಗದ ಹಾಗೆ. ಟೀವಿಯವರು ನೂರು ಸಲ ತಿರುಗಿಸಿ ಮುರುಗಿಸಿ ತೋರಿಸುತ್ತಿದ್ದದ್ದು ಇದನ್ನೇ. ಇದನ್ನು ಕಂಡೇ ವೆಲ್ಡರ್ ಐದರೊಳಗೆ ಎಂದದ್ದು.

ಎದುರುಗಡೆಯ ನೇರ ದಾರಿಯಲ್ಲಿ ಎಂಜಿನ್ ನಿಂತಿತು. ಅಣ್ಣ ಇಳಿದು ಹೆಲ್ಮೆಟ್ ಕಾರಿನೊಳಗೇ ಬಿಟ್ಟು ನಡೆದು ಬಂದ. ಅಷ್ಟು ದೂರ ನಡೆಯುವುದನ್ನು ದುರ್ಬೀನಿನಲ್ಲಿ ನೋಡುತ್ತ ನಿಂತೆ. ಬಲಗಾಲು ಒಂದಿಷ್ಟು ಎಳೆಯುತ್ತದೆ. ಯಾವಾಗಿನಿಂದ?

ಮೇಸ್ತ್ರಿ ಸ್ಟೀರಿಂಗ್ ಹಿಡಿದೇ ಕೂತಿದ್ದರು. ನಾನು ಹತ್ತಿರ ಹೋದಾಗ, "ನೀನು ಅಷ್ಟು ಬೇಗ ಖಾಲಿ ಅಂದ್ರೂ ಕಾರಿಗೆ ಒಂದು ಗೀರೂ ಇರ್ತಿರಲಿಲ್ಲವಲ್ಲ, ಅನುಮಾನ ಇತ್ತು," ಎಂದರು. "ಬೇಡದ ಅನುಮಾನ ಅಂತ ಸುಮ್ಮನಿದ್ದೆ."

ಕರಡನ್ನು ಒಲೆಗೆ ಹಾಕಿದೆ. ಆ ಸಾಲು ಚೆನ್ನಾಗಿತ್ತು.

ಏಪ್ರಿಲ್ 17, ಗುರುವಾರ

ಸಮಿತಿ. ಉದ್ದ ಮೇಜು, ಪ್ರತಿಯೊಬ್ಬರ ಮುಂದೆಯೂ ಮುಚ್ಚಿದ ನೀರಿನ ಲೋಟ. ಹುಡುಗನ ಅಪ್ಪನೂ ಇದ್ದರು. ನನ್ನನ್ನು ಕರೆಯುವ ಮೊದಲೇ ಅಣ್ಣ ಎದ್ದ.

"ನನ್ನ ಕೈ ತಡವಾಗಿದೆ. ನಂಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ. ಇವಳ ಬಾಯಿ ಆ ಕೈಗೆ ಹೊಂದಿಕೊಂಡಿತ್ತು. ನಿಮ್ಮ ಮಗ ಅವಸರ ಮಾಡಲಿಲ್ಲ ಸಾರ್, ಅವನು ತಿರುಗಿಸಬೇಕಾದ ಹಾಗೇ ತಿರುಗಿಸಿದ. ನಾನು ಹಾಗೆ ತಿರುಗಿಸಿ ಎಷ್ಟೋ ದಿನ ಆಗಿದೆ."

ನಾನೂ ಎದ್ದೆ. "ಖಾಲಿ ಅಂದದ್ದು ನಾನು. ಮೂತಿ ಬಾಗಿಲ ಹತ್ತಿರ ಇತ್ತು. ಹುಡುಗನ ತಪ್ಪಿಲ್ಲ." ಬೇರೆ ಏನೇನೋ ಸಿದ್ಧಮಾಡಿಕೊಂಡಿದ್ದೆ, ಹತ್ತಾರು ಸಾಲು. ಯಾವುದೂ ಬರಲಿಲ್ಲ. ಬಂದದ್ದು ಇನ್ನೊಂದೇ. "ಆದ್ರೂ ಒಂದು ಬಾಯಿಗೆ ಎರಡು ಕಾರು ಕೊಡಬೇಡಿ. ಈ ಸಲ ಅದರಿಂದ ಆಗಲಿಲ್ಲ. ಮುಂದಿನ ಸಲ ಅದರಿಂದಲೇ ಆಗುತ್ತೆ."

ಮ್ಯಾನೇಜರು ಮೊದಲರ್ಧವನ್ನು ಬರೆದುಕೊಂಡರು. ಎರಡನೆಯ ಅರ್ಧಕ್ಕೆ ಪೆನ್ನಿನ ಮುಚ್ಚಳ ಹಾಕಿದರು.

ತೀರ್ಪು ಸಂಜೆಯೊಳಗೆ ಬಂತು. ಚಾಲಕ ಸ್ವಇಚ್ಛೆಯಿಂದ ನಿವೃತ್ತಿ. ಕೂಗುವವಳು ಬೇಜವಾಬ್ದಾರಿಗಾಗಿ ವಜಾ. ನಿಜ ಹೇಳಿದರೆ ಕೆಲಸ ಉಳಿಯುತ್ತದೆ ಎಂದಿದ್ದಿರಲ್ಲ ಸಾರ್ ಎಂದು ಮ್ಯಾನೇಜರನ್ನು ಕೇಳಿದೆ. "ನೀವು ಹೇಳಿದ್ದಿದ್ರೆ ಉಳೀತಿತ್ತು ಮೇಡಂ. ಮೊದಲು ಹೇಳಿದ್ದು ಅವರು," ಎಂದರು.

ಹುಡುಗನ ಅಪ್ಪ ನಮ್ಮ ಪಕ್ಕದಲ್ಲೇ ಹಾದು ಹೋದರು. ಒಂದು ಗಳಿಗೆ ನಿಂತರು. ಆಮೇಲೆ ಆಸ್ಪತ್ರೆಯ ಕಡೆ ಕಾರು ತಿರುಗಿಸಿದರು.

ಏಪ್ರಿಲ್ 25, ಶುಕ್ರವಾರ

ಕೂಗುವ ಜನ ಹೆಚ್ಚಿಸಿ ಎಂದು ಗೇಟಿನ ಮುಂದೆ ಸಭೆ. ಮೇಸ್ತ್ರಿ ಬಂದರು, ಸುಟ್ಟ ಕೈಯವನು ಬಂದ, ವೆಲ್ಡರ್ ಬಂದ. ಟೈರಿನವನು ಗೇಟಿನ ಒಳಗಿನಿಂದಲೇ, "ನಿಮ್ಮಣ್ಣನೇ ಒಪ್ಪಿಕೊಂಡ್ರಲ್ಲ ಮೈಕಕ್ಕ, ಇನ್ನೇನು?" ಎಂದ. ಬೈಯಲು ಬಾಯಿ ತೆರೆದೆ. ಅವನ ಹೆಂಡತಿಗೆ ತಿಂಗಳು ತುಂಬಿದೆ. ಮುಚ್ಚಿದೆ. ಮಾತಾಡಿದೆ, ಇದ್ದಷ್ಟು ಜನಕ್ಕೆ. ಗಂಟಲು ಸರಿಯಾಗಿಯೇ ಇತ್ತು.

ಮೇ 11, ಭಾನುವಾರ

ಅಣ್ಣನಿಗೆ ಮೈದಾನದಲ್ಲಿ ಬೀಳ್ಕೊಡುಗೆ. ಕಂಪನಿಯೇ ಮಾಡಿತು. ಹಾರ ದಪ್ಪಗಿತ್ತು. ಅದೇ ನರೆಗೂದಲಿನ ತಜ್ಞ ಮೈಕು ಹಿಡಿದು, "ಇಂದಿಗೂ ಇವರು ಅಗ್ರ ಹತ್ತರಲ್ಲಿ ಅಲ್ಲ, ಸಾರ್ವಕಾಲಿಕ ಅಗ್ರ ಮೂರರಲ್ಲಿ!" ಎಂದ. ಜನ ಚಪ್ಪಾಳೆ ತಟ್ಟಿದರು. ಇನ್ನು ಬಾನೆಟ್ಟಿನ ಮೇಲೆ ಕೂರುವುದಿಲ್ಲ ಎಂದು ಖಾತ್ರಿಯಾದಮೇಲೆ ಎಷ್ಟು ಬೇಕಾದರೂ ಮೇಲೆ ಕೂರಿಸುತ್ತಾರೆ. ಬೇಲಿಯಾಚೆಯ ಕ್ಯಾಂಟೀನಿನ ಟೀವಿಯಲ್ಲಿ ನೋಡಿದೆ. ತಂತಿ ಕೀಳಲಿಲ್ಲ.

ಸುಟ್ಟ ಗಾಯಕ್ಕೆ ಪೂರ್ತಿ ಸಂಬಳ ಎಂಬುದು ಹೊಸ ಒಪ್ಪಂದದಲ್ಲಿ ಅರ್ಧ ಸಂಬಳ ಎಂದಾಗಿದೆಯಂತೆ. ಮೇಸ್ತ್ರಿ ಸಹಿ ಹಾಕಲು ಒಪ್ಪಿಲ್ಲ. ಎಷ್ಟು ದಿನ ಒಪ್ಪದಿರುತ್ತಾರೋ. ನಾಳೆ ಸಂಜೆ ಅವರ ಮನೆಗೆ ಹೋಗಬೇಕು.

ನನಗೆ ಬಸ್ ನಿಲ್ದಾಣದಲ್ಲಿ ಕೆಲಸ ಸಿಕ್ಕಿದೆ, ಬಸ್ಸು ಬಂದಾಗ ಮೈಕಿನಲ್ಲಿ ಕೂಗುವುದು. ಬಂದು ನಿಂತಮೇಲೆ ಕೂಗಬೇಕು, ಬರುವ ಮೊದಲೇ ಕೂಗಬಾರದು ಎಂದು ಅಧಿಕಾರಿ ಎರಡು ಸಲ ಹೇಳಿದ. ಆಯಿತು ಎಂದೆ.

ಹುಡುಗ ಊರುಗೋಲು ಹಿಡಿದು ನಡೆಯುತ್ತಿದ್ದಾನೆ ಎಂದು ಅವನ ತಾಯಿ ಫೋನ್ ಮಾಡಿದ್ದರು. ಮತ್ತೆ ಕಾರು ಹತ್ತುತ್ತಾನೋ ಇಲ್ಲವೋ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಜೆ ಅಣ್ಣ ಹಾರವನ್ನು ಹೊರಗಿನ ಮೊಳೆಗೆ ತೂಗುಹಾಕಿ ಒಳಗೆ ಬಂದ. ಮೇಲೆ ಗಾಳಿ ಇದೆ, ಮೂರೂ ಜನ ಅಲ್ಲೇ ಕೂರೋಣ ಎಂದ. ಕತ್ತಲ ಮೆಟ್ಟಿಲ ಮುಂದೆ ಅವನು ಬಂದು ನಿಂತಾಗ ಅತ್ತಿಗೆ ಬಾಯಿ ತೆರೆದಳು. ನಾನೂ ತೆರೆದೆ. ಅಣ್ಣ ತಿರುಗದೆ, ಹಿಂದಕ್ಕೆ ಕೈ ಚಾಚಿ ತಡೆದ.

ಅತ್ತಿಗೆಯ ಬೆರಳುಗಳು ನನ್ನ ಮಣಿಕಟ್ಟನ್ನು ಹಿಂಡುತ್ತಿದ್ದವು. ಅಣ್ಣ ಬಲಗಾಲು ಮುಂದೆ ಚಾಚಿದ, ಗಾಳಿಯಲ್ಲಿ ಹುಡುಕಿದ, ಮೆಟ್ಟಿಲಿನ ಅಂಚಿಗೆ ಬೆರಳು ತಗುಲಿಸಿಕೊಂಡ, ನೋವಾಗಿರಬೇಕು, ಒಮ್ಮೆ ಉಸಿರೆಳೆದ. ಆಮೇಲೆ ಊರಿದ. ಎರಡನೆಯದನ್ನೂ ಹುಡುಕಿದ. ನಮ್ಮ ಇಬ್ಬರ ಬಾಯಲ್ಲೂ ಮಾತು ಇಟ್ಟುಕೊಂಡು ಅಷ್ಟು ಹೊತ್ತು ನಿಲ್ಲುವುದು ಎಷ್ಟು ಕಷ್ಟ. ಅವನು ಹತ್ತುತ್ತಲೇ ಇದ್ದ, ನಾವು ಕೆಳಗೆ ನಿಂತೇ ಇದ್ದೆವು, ಮುಗಿಯುವುದೇ ಇಲ್ಲವೇನೋ ಅನಿಸಿತು.

ಮೇಲೆ ಬಾಗಿಲು ತೆರೆದ ಸದ್ದಾಯಿತು. ಒಂದು ತುಂಡು ಬೆಳಕು ಮೆಟ್ಟಿಲ ಮೇಲೆ ಬಿತ್ತು.

"ಖಾಲಿ," ಎಂದ ಅಣ್ಣ. "ಬನ್ನಿ."